ಕಡಲ ಮೀನಿಗೂ ಮನೆ ಬದಲಾವಣೆ: ನಂಬಿಕೆ ಬೇರೆ, ನಿಜ ಬೇರೆ

ಬಾಡಿಗೆ ಮನೆ ಬಿಡುವ ದಿನ ಗೊತ್ತಾದ ಕೂಡಲೇ ಉಪ್ಪುನೀರಿನ ಮೀನು ಸಾಕಿದವರಿಗೆ ನಿದ್ದೆ ಹಾರುತ್ತದೆ. ಮಂಚ, ಬೀರು, ಫ್ರಿಜ್ಜು ಎಲ್ಲ ಲಾರಿ ಹತ್ತುತ್ತವೆ. ಹಾಲಿನ ಮೂಲೆಯಲ್ಲಿರುವ 200 ಲೀಟರಿನ ಕಡಲನ್ನು ಏನು ಮಾಡುವುದು? ಬೆಂಗಳೂರಿನ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಸಾಗಿಸಿದ ಮೀನು ಸತ್ತರೆ ನಾವು ಟ್ರಾಫಿಕ್ಕನ್ನು ದೂರುತ್ತೇವೆ. ಆದರೆ ದಾರಿಯುದ್ದಕ್ಕೂ ಚೆನ್ನಾಗಿದ್ದ ಮೀನು ಹೊಸ ಮನೆ ಸೇರಿದ ಮೂರನೇ ದಿನ ಸಾಯುವುದುಂಟು. ಅದಕ್ಕೆ ಕಾರಣ ನಾವು ಕೇಳಿ ನಂಬಿಕೊಂಡ ಕೆಲವು ಮಾತುಗಳು.

"ಹಳೇ ನೀರನ್ನು ಒಂದು ಹನಿಯೂ ಬಿಡದೆ ಒಯ್ದರೆ ಸಾಕು" ಎನ್ನುವುದು ಅವುಗಳಲ್ಲಿ ಮೊದಲನೆಯದು. ಮೀನು ಉಸಿರಾಡುವಾಗಲೇ ಕಿವಿರುಗಳಿಂದ ಅಮೋನಿಯಾ ಹೊರಬರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದು ಅತ್ಯಲ್ಪ. ಅವು ತೊಟ್ಟಿಯೊಳಗಿನ ಕಲ್ಲಿನ ಸಣ್ಣ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ, ಫಿಲ್ಟರಿನ ಸ್ಪಾಂಜಿನಲ್ಲಿ ಅಂಟಿಕೊಂಡು ಬದುಕುತ್ತವೆ. ನೀರನ್ನೆಲ್ಲ ಜೋಪಾನವಾಗಿ ಕ್ಯಾನಿಗೆ ತುಂಬಿ, ಕಲ್ಲುಗಳನ್ನು ಮಾತ್ರ ಬಿಸಿಲಲ್ಲಿ ಒಣಗಲು ಬಿಟ್ಟರೆ ಉಳಿಸಬೇಕಾದದ್ದನ್ನೇ ಕೊಂದಂತಾಯಿತು. ಒಣಗಿ ಸತ್ತ ಜೀವಿಗಳು ಹೊಸ ತೊಟ್ಟಿಯಲ್ಲಿ ಕೊಳೆತು ಇನ್ನಷ್ಟು ಅಮೋನಿಯಾ ಸೇರಿಸುತ್ತವೆ. ಹೊಸದಾಗಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಮೀನಿಗೆ ಅಷ್ಟು ಸಮಯವಿಲ್ಲ. ಆದ್ದರಿಂದ ಕಲ್ಲುಗಳನ್ನು ತೊಟ್ಟಿಯ ನೀರಿನಲ್ಲೇ ಮುಳುಗಿಸಿ, ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು, ಬ್ಯಾಟರಿ ಏರ್ ಪಂಪ್ ಹಾಕಿ ಒಯ್ಯಿರಿ. ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ನಮ್ಮ ಬಾಯಿಗೆ ಸುರಕ್ಷಿತವಾದ ಆ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳಿಗೆ ಮೃತ್ಯು.

ನೀರು ಬೇಡವೆಂದಲ್ಲ. ಮನೆಮನೆಗೆ ಬರುವ 20 ಲೀಟರಿನ ಕುಡಿಯುವ ನೀರಿನ ಕ್ಯಾನುಗಳಲ್ಲಿ ಐದನ್ನು ತುಂಬಿಕೊಂಡರೆ ಅರ್ಧ ನೀರು ಜೊತೆಗೆ ಬಂದಂತೆ. ಉಳಿದರ್ಧವನ್ನು ಹಿಂದಿನ ದಿನವೇ ಹೊಸ ಮನೆಯಲ್ಲಿ ಆರ್‌ಓ ನೀರಿಗೆ ಉಪ್ಪು ಕಲಸಿ ಸಿದ್ಧವಿಡಿ. ಸಾಂದ್ರತೆ 1.025, ಶಾಖ 25–26 ಡಿಗ್ರಿ ಇರಲಿ.

ಯಾವ ಉಪ್ಪು? ಕಲ್ಲುಪ್ಪು ಸಮುದ್ರದಿಂದಲೇ ಬಂದದ್ದಲ್ಲವೇ, ಅದನ್ನೇ ಹಾಕಿದರಾಯಿತು ಎನ್ನುವವರಿದ್ದಾರೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದವರಿಗೆ ಇದು ಸಹಜವಾದ ತರ್ಕವೆಂದೇ ತೋರುತ್ತದೆ. ಆದರೆ ಕಡಲ ನೀರು ಬಿಸಿಲಿಗೆ ಇಂಗುತ್ತಾ ಹೋದಂತೆ ಕ್ಯಾಲ್ಸಿಯಂನ ಬಹುಪಾಲು ಜಿಪ್ಸಂ ಆಗಿ ಮೊದಲೇ ತಳಕ್ಕಿಳಿಯುತ್ತದೆ. ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ನಾವು ಬಾಚಿಕೊಳ್ಳುವುದು ಇದನ್ನೇ. ಮೆಗ್ನೀಷಿಯಂ ಮಡಿಯಲ್ಲಿ ಉಳಿದ ಕಹಿ ದ್ರವದಲ್ಲೇ ಇದ್ದುಬಿಡುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿರುವ ಸುಮಾರು 35 ಗ್ರಾಂ ಲವಣದಲ್ಲಿ 1.3 ಗ್ರಾಂ ಮೆಗ್ನೀಷಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರಬೇಕು. ಸಾರಿಗೆ ಹಾಕುವ ಉಪ್ಪಿನಲ್ಲಿ ಅವು ಆ ಪ್ರಮಾಣದಲ್ಲಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪಿನ ಮಿಶ್ರಣವನ್ನೇ ಬಳಸಬೇಕು.

ಮರಳಿನ ವಿಚಾರದಲ್ಲಿ ನಾನು ಕಠಿಣ. "ಹಳೇ ಮರಳಿನಲ್ಲೂ ಬ್ಯಾಕ್ಟೀರಿಯಾ ಇದೆಯಲ್ಲ, ಹಾಗೇ ಬಾಚಿ ಹಾಕೋಣ" ಎಂಬ ಮಾತಿನ ಮೊದಲರ್ಧ ನಿಜ, ಎರಡನೆಯದು ಅಪಾಯ. ವರ್ಷಗಟ್ಟಲೆ ಕದಲದ ದಪ್ಪ ಮರಳಿನ ತಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಕಸ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ. ಮೇಲಿನ ಎರಡು ಬೊಗಸೆ ಮರಳನ್ನು ಬೇರೆ ತೆಗೆದಿಟ್ಟು, ಮಿಕ್ಕದ್ದನ್ನು ಬಿಟ್ಟು, ಹೊಸ ಮರಳು ಹಾಕಿ ಅದರ ಮೇಲೆ ಆ ಎರಡು ಬೊಗಸೆಯನ್ನು ಹರಡುವುದೇ ಸರಿ.

ಸ್ವಲ್ಪ ನೀರು, ಮರಳು ಒಳಗಿಟ್ಟೇ ತೊಟ್ಟಿಯನ್ನು ಹೊರುವ ಧೈರ್ಯವಂತೂ ಬೇಡವೇ ಬೇಡ. 50 ಲೀಟರ್ ನೀರೆಂದರೆ 50 ಕಿಲೋ ದಾಟುತ್ತದೆ. ಅದು ತುಳುಕಿದಾಗ ಗಾಜಿನ ಸಿಲಿಕೋನ್ ಅಂಟು ಬಿಡಬಹುದು.

ಇನ್ನು ಊಟ. ಪ್ರಯಾಣಕ್ಕೆ ಹೊರಟವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಮೀನಿನ ಮೇಲೂ ಅದೇ ಅಕ್ಕರೆ. ಆದರೆ ತಿಂದದ್ದು ಮೀನನ್ನು ಒಯ್ಯುವ ಪ್ಲಾಸ್ಟಿಕ್ ಚೀಲದ ಸ್ವಲ್ಪವೇ ನೀರಿನಲ್ಲಿ ಮಲವಾಗಿ, ಅಮೋನಿಯಾವಾಗಿ ಅದಕ್ಕೇ ಮರಳುತ್ತದೆ. ಹೊರಡುವ ಒಂದೆರಡು ದಿನ ಮೊದಲೇ ಆಹಾರ ನಿಲ್ಲಿಸಿ. ಆರೋಗ್ಯವಾಗಿರುವ ಕ್ಲೌನ್ ಮೀನಿಗೆ ಇದೇನೂ ಹಿಂಸೆಯಲ್ಲ. ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಲಿ. ಏಕೆಂದರೆ ಅದೇ ಶಾಖದ ಸಿಹಿನೀರಿಗಿಂತ ಉಪ್ಪುನೀರು ಸುಮಾರು ಐದರಲ್ಲೊಂದು ಪಾಲು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ.

ತಲುಪಿದ ಮೇಲೆ ಗಂಟೆಗಟ್ಟಲೆ ಹನಿಹನಿಯಾಗಿ ಹೊಸ ನೀರು ಬೆರೆಸುವುದೇ ಒಳ್ಳೆಯದೆಂಬ ನಂಬಿಕೆಯನ್ನೂ ಬಿಡಬೇಕು. ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತದೆ. ಅಂಥ ನೀರಿನಲ್ಲಿ ಅಮೋನಿಯಾದ ವಿಷ ಕಡಿಮೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗಿ ಎಚ್ಚರಗೊಳ್ಳುತ್ತದೆ. ಉಪ್ಪಿನ ಅಳತೆ ಎರಡೂ ಕಡೆ ಒಂದೇ ಇದ್ದರೆ ಕಟ್ಟಿದ ಚೀಲವನ್ನು ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟು, ಶಾಖ ಸಮವಾದ ಮೇಲೆ ಮೀನನ್ನು ಮಾತ್ರ ಬಿಡಿ. ಚೀಲದ ನೀರನ್ನು ಚೆಲ್ಲಿ.

ನೀರು ತುಂಬಲು, ಸುರಿಯಲು ಪ್ಲಾಸ್ಟಿಕ್ ಪಾತ್ರೆಯೇ ಇರಲಿ. ತಾಮ್ರದ ಬಿಂದಿಗೆ, ಹಿತ್ತಾಳೆ ತಂಬಿಗೆ ಎಷ್ಟೇ ಪವಿತ್ರವಾದರೂ ಈ ತೊಟ್ಟಿಯ ಹತ್ತಿರ ತರಬೇಡಿ. ತುಸು ತಾಮ್ರ ಕರಗಿದರೂ ಸೀಗಡಿ, ಶಂಖದ ಹುಳುಗಳು ಉಳಿಯವು. ಇನ್ನೊಂದು ಮಾತು: ಕಲ್ಲೆಂದು ನಿಜವಾದ ಹವಳದ ತುಂಡು ಕೊಳ್ಳಬೇಡಿ. ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರ ರಕ್ಷಣೆಯಿದೆ. ಸೆರಾಮಿಕ್, ಸಿಮೆಂಟಿನ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತದೆ.

ಗೃಹಪ್ರವೇಶದ ದಿನವೇ ಮೀನೂ ಒಳಗೆ ಬರಲೆಂಬ ಆಸೆ ಅರ್ಥವಾಗುತ್ತದೆ. ಆದರೆ ಹೊಸ ಬಣ್ಣದ ಘಾಟು, ಹೋಮದ ಹೊಗೆ ಎರಡನ್ನೂ ಏರ್ ಪಂಪ್ ಎಳೆದು ನೀರಿಗೆ ಸೇರಿಸುತ್ತದೆ. ಹಾಲುಕ್ಕಿಸಿ, ನೆಂಟರೆಲ್ಲ ಹೋಗಿ, ಮನೆಗೆ ಗಾಳಿಯಾಡಿದ ಮೇಲೆ ಮೀನಿಗೆ ಬೇರೆ ದಿನ ಇಟ್ಟುಕೊಳ್ಳಿ. ಆಮೇಲೆ ಎರಡು ವಾರ ದಿನವೂ ಅಮೋನಿಯಾ ಪರೀಕ್ಷೆ ಮಾಡಿ. ಅದು ಕಂಡ ದಿನ ಊಟ ನಿಲ್ಲಿಸಿ, ಕಾಲುಭಾಗ ನೀರು ಬದಲಿಸಿ.