ವಾದ್ಯ ಸಂಯೋಜನೆ

ಒಂದು ಹಾಡು, ಧಾಟಿ ಅಥವಾ ಸ್ವರಕೃತಿಯನ್ನು ಹಲವು ವಾದ್ಯಗಳಿಗೆ ಹಂಚಿ, ಯಾವ ವಾದ್ಯ ಎಲ್ಲಿ, ಯಾವ ಸ್ಥಾಯಿಯಲ್ಲಿ ನುಡಿಯಬೇಕು ಮತ್ತು ಎಲ್ಲಿ ಸುಮ್ಮನಿರಬೇಕು ಎಂದು ನಿರ್ಧರಿಸುವ ಕಲೆಗೆ ವಾದ್ಯ ಸಂಯೋಜನೆ ಎನ್ನುತ್ತಾರೆ. ಧಾಟಿಯನ್ನು ಹುಟ್ಟಿಸುವ ಸ್ವರ ಸಂಯೋಜನೆಯಿಂದ ಇದು ಬೇರೆಯಾದ ಕೆಲಸ. ಚಲನಚಿತ್ರ, ಸುಗಮ ಸಂಗೀತ ಮತ್ತು ರಂಗಸಂಗೀತಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಾದ್ಯ ಸಂಯೋಜಕರಿರುವುದುಂಟು.

ಹಿನ್ನೆಲೆ

ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ನಗರದ ಪಶ್ಚಿಮಕ್ಕಿರುವ ತೊರವಿಯ ಬಳಿ 1599ರಲ್ಲಿ ನೌರಸಪುರದ ನಿರ್ಮಾಣವನ್ನು ಆರಂಭಿಸಿದನು. ಅಲ್ಲಿನ ಸಂಗೀತ ಮಹಲಿನ ಅವಶೇಷಗಳು ಇಂದಿಗೂ ಇವೆ. ದಖನಿಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನೌರಸ್' ಗೀತೆಗಳಿಗೆ ರಾಗಗಳ ಹೆಸರುಗಳಿವೆ. ಅವನ ಪ್ರೀತಿಯ ತಂಬೂರಿ 'ಮೋತಿ ಖಾನ್' ಕೂಡ ಅಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಸ್ವರಲಿಪಿ ಇಲ್ಲ. ಹೀಗಾಗಿ ಪದಗಳು ಉಳಿದವು, ಅವುಗಳ ಸುತ್ತ ವಾದ್ಯಗಳು ನುಡಿದ ಬಗೆ ಉಳಿಯಲಿಲ್ಲ. ವಾದ್ಯ ಸಂಯೋಜನೆಯನ್ನು ಬರೆದಿಡುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಭಾಗದಲ್ಲಿ ಸಿಗಲಾರದು.

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಜನಪದ ಮೇಳಗಳಲ್ಲಿ ಸಂಯೋಜನೆ ಬರಹದಲ್ಲಿಲ್ಲ, ರೂಢಿಯಲ್ಲಿದೆ. ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ ಸನಾದಿ ಧಾಟಿಯನ್ನು ಹಿಡಿದರೆ ಕರಡಿ ಮತ್ತು ತಾಳ ಲಯವನ್ನು ಹೊರುತ್ತವೆ. ಗೀಗೀ ಪದದಲ್ಲಿ ಮುಖ್ಯ ಗಾಯಕನ ಕೈಯಲ್ಲಿ ದಪ್ಪು, ಹಿಮ್ಮೇಳದವರ ಕೈಯಲ್ಲಿ ತುಂತುಣಿ ಮತ್ತು ತಾಳ. ಭಜನಾ ಮೇಳಗಳಲ್ಲಿ ಹಾರ್ಮೋನಿಯಂ ಮತ್ತು ತಬಲಾ ಪ್ರಧಾನ.

ಶ್ರುತಿಯ ಹೊಂದಾಣಿಕೆ

ಕಲಿಯುವವರು ಮೊದಲು ಎಡವುವುದು ಇಲ್ಲಿಯೇ. ಹಾರ್ಮೋನಿಯಂನ ಮನೆಗಳನ್ನು 'ಕಪ್ಪು ಒಂದು', 'ಬಿಳಿ ನಾಲ್ಕು' ಎಂದು ಎಣಿಸುವುದು ವಾಡಿಕೆ. ಗಾಯಕನು ಕಪ್ಪು ಒಂದರಲ್ಲಿ ಹಾಡಿದರೆ ಅವನ ಮಧ್ಯಮ ಕಪ್ಪು ಮೂರರಲ್ಲಿ, ಪಂಚಮ ಕಪ್ಪು ನಾಲ್ಕರಲ್ಲಿ ಬೀಳುತ್ತದೆ. ಗಾಯಕಿಯ ಷಡ್ಜವು ಅನೇಕ ವೇಳೆ ಕಪ್ಪು ನಾಲ್ಕರ ಆಸುಪಾಸಿನಲ್ಲಿರುತ್ತದೆ. ಇಬ್ಬರೂ ಹಾಡುವ ಯುಗಳ ಗೀತೆಯಲ್ಲಿ ಶ್ರುತಿಯನ್ನು ನಡುವೆ ಬದಲಿಸಬೇಕೇ, ಒಬ್ಬರ ಪಾಲನ್ನು ಸ್ಥಾಯಿ ಬದಲಿಸಿ ಬರೆಯಬೇಕೇ ಎಂಬುದನ್ನು ಸಂಯೋಜಕನು ಮೊದಲೇ ತೀರ್ಮಾನಿಸಬೇಕು. ತಬಲಾದ ಬಲಗೈ ಭಾಗವನ್ನು ಸಾಮಾನ್ಯವಾಗಿ ಷಡ್ಜಕ್ಕೆ ಶ್ರುತಿಗೊಳಿಸುವುದರಿಂದ, ನಡುವೆ ಬದಲಿಸಿದರೆ ಎರಡನೆಯ ತಬಲಾ ಸಿದ್ಧವಿರಬೇಕಾಗುತ್ತದೆ.

ಮದುವೆಯ ಬ್ಯಾಂಡಿಗೆ ಬರೆಯುವಾಗ ತೊಡಕು ಹೆಚ್ಚು. ಬಿ-ಫ್ಲ್ಯಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗಳಲ್ಲಿ ಬರೆದ ಸ್ವರಕ್ಕಿಂತ ಎರಡು ಅರ್ಧಸ್ವರ ಕೆಳಗಿನ ನಾದ ಬರುತ್ತದೆ. ಆದ್ದರಿಂದ ಅವರ ಹಾಳೆಯಲ್ಲಿ ಅಷ್ಟೇ ಮೇಲೆ ಬರೆಯಬೇಕು. ಹಾರ್ಮೋನಿಯಂನವನ ಹಾಳೆಯನ್ನೇ ಅವರ ಮುಂದಿಟ್ಟರೆ ಮೊದಲ ಆವರ್ತನದಲ್ಲಿಯೇ ಅಪಸ್ವರ.

ಹಾರ್ಮೋನಿಯಂನಲ್ಲಿ ಮೀಂಡ್ ಹೊರಡದು. ಅದರ ಸ್ವರಸ್ಥಾನಗಳೂ ಸ್ಥಿರ. ಇಂತಹ ಆಕ್ಷೇಪಗಳಿಂದಲೇ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಜಾರು ಸ್ವರಗಳಿರುವ ಸಾಲನ್ನು ಸನಾದಿ, ಕೊಳಲು ಅಥವಾ ಪಿಟೀಲಿಗೆ ಕೊಟ್ಟು, ಹಾರ್ಮೋನಿಯಂಗೆ ಆಧಾರ ಸ್ವರಗಳನ್ನಷ್ಟೇ ಬಿಡುವುದು ಲೇಸು.

ಪಾಲು ಹಂಚಿಕೆ

ಎಲ್ಲ ವಾದ್ಯಗಳೂ ಹಾಡುಗಾರನ ಜೊತೆಯಲ್ಲಿಯೇ ಪೂರ್ತಿ ಸಾಗಿದರೆ ಸಾಹಿತ್ಯ ಮುಳುಗುತ್ತದೆ. ಸನಾದಿಯ ದನಿ ತೀಕ್ಷ್ಣವಾದದ್ದು, ಬಯಲಿಗೆ ಹೇಳಿಸಿದ್ದು. ಅದನ್ನು ಚರಣಗಳ ನಡುವಿನ ಬಿಡುವಿನಲ್ಲಿ ಇಡುವುದು ಸುರಕ್ಷಿತ. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಜಿ. ಕೆ. ವೆಂಕಟೇಶ್ ಸಂಗೀತ ನೀಡಿದರು, ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ಎಸ್. ಜಾನಕಿ ಹಾಡಿದ 'ಕರೆದರೂ ಕೇಳದೆ' ಗೀತೆಯು ಕಂಠ ಮತ್ತು ಶಹನಾಯಿ ಒಂದಕ್ಕೊಂದು ಎಡೆಗೊಡುವ ರೀತಿಗೆ ಒಳ್ಳೆಯ ಪಾಠ.

ಕಲಿಕೆ

ಹಿಂದೂಸ್ತಾನಿ ಪದ್ಧತಿಯ ವಿದ್ಯಾರ್ಥಿಗಳಿಗೆ ಭಾತಖಂಡೆ ಸ್ವರಲಿಪಿ ಅನುಕೂಲಕರ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನೆಟ್ಟಗೆರೆ. ತಾಳದ ಒಂದೇ ವಿಭಾಗದ ಕೆಳಗೆ ಪ್ರತಿ ವಾದ್ಯಕ್ಕೂ ಒಂದು ಸಾಲು ಹಾಕಿಕೊಂಡರೆ ಯಾರು ಎಲ್ಲಿ ಬಿಡಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಎರಡು ವಾದ್ಯಗಳಿಂದ ತೊಡಗಿ, ಬರೆದದ್ದನ್ನು ಆಯಾ ವಾದಕರಿಂದಲೇ ನುಡಿಸಿ ತಿದ್ದಿಕೊಳ್ಳುವುದು ರೂಢಿ. ಸನಾದಿಯವನಿಗೆ ಉಸಿರು ತೆಗೆದುಕೊಳ್ಳಲು ಎಡೆಯಿಲ್ಲದ ಸಾಲು ಹಾಳೆಯ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ನಿಲ್ಲುವುದಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮುಂತಾದ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು, ನಾಟಕಗಳನ್ನೂ ರಚಿಸಿದ್ದರು. ಅಂಧ ವಿದ್ಯಾರ್ಥಿಗಳು ಬಹುಸಂಖ್ಯೆಯಲ್ಲಿ ಕಲಿತ ಆ ಪರಂಪರೆಯಲ್ಲಿ ಹಾಳೆಗಿಂತ ಕಿವಿ ಮತ್ತು ನೆನಪಿಗೆ ಹೆಚ್ಚಿನ ಸ್ಥಾನ.