ಜನಮನವನ್ನು ಅರಿಯುವಲ್ಲಿ ಯಂತ್ರಬುದ್ಧಿಯ ನೆರವು

ಸಾಮಾಜಿಕ ಪ್ರಶ್ನೆಯೊಂದು ತಲೆದೋರಿದಾಗ ಜನರ ನಿಜವಾದ ಅಭಿಪ್ರಾಯವೇನೆಂಬುದನ್ನು ಅರಿಯುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಸಭೆಯಲ್ಲಿ ಏರುದನಿಯಿಂದ ನುಡಿದವರ ಮಾತೇ ಸರ್ವರ ಮಾತೆನಿಸಿಕೊಳ್ಳುತ್ತದೆ; ಹಿಂದಿನ ಸಾಲಿನಲ್ಲಿ ಕುಳಿತವರ ವಿಚಾರ ಅವರ ಮನಸ್ಸಿನಲ್ಲಿಯೇ ಉಳಿದುಬಿಡುತ್ತದೆ. ಈ ಕೊರತೆಯನ್ನು ನೀಗಲು ಕೃತಕ ಬುದ್ಧಿಮತ್ತೆಯ ನೆರವು ಪಡೆಯುವ ಪ್ರಯತ್ನಗಳು ಇಂದು ನಡೆದಿವೆ. ಅವುಗಳಲ್ಲಿ ತೈವಾನ್ ದ್ವೀಪದ ಪ್ರಯೋಗವು ವಾಚಕರು ತಿಳಿಯಬೇಕಾದುದು.

2014ರ ಮಾರ್ಚ್ ತಿಂಗಳಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಚೀನಾದೊಡನೆ ಆದ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ಶಾಸನಸಭೆಯ ಭವನವನ್ನು ಹೊಕ್ಕು ಮೂರು ವಾರಗಳಿಗೂ ಮಿಕ್ಕಿ ಅಲ್ಲಿಯೇ ಕುಳಿತರು. ಸರಕಾರಕ್ಕೂ ಜನತೆಗೂ ನಡುವೆ ಎಷ್ಟು ದೊಡ್ಡ ಬಿರುಕಿತ್ತೆಂಬುದು ಆಗ ಪ್ರಕಟವಾಯಿತು. ಇದರ ಫಲವಾಗಿ 'ವಿ-ತೈವಾನ್' ಎಂಬ ಸಮಾಲೋಚನಾ ಪದ್ಧತಿಯು ರೂಪುಗೊಂಡಿತು. 2015ರಲ್ಲಿ ಉಬರ್ ಬಾಡಿಗೆ ಕಾರುಗಳ ವಿವಾದ ಬಂದಾಗ ಅದು 'ಪೋಲಿಸ್' ಎಂಬ ಗಣಕ ಸಾಧನವನ್ನು ಬಳಸಿಕೊಂಡಿತು. ಈ ಹೆಸರಿಗೂ ಆರಕ್ಷಕರಿಗೂ ಸಂಬಂಧವಿಲ್ಲ. ಗ್ರೀಕ್ ಭಾಷೆಯಲ್ಲಿ ಪೋಲಿಸ್ ಎಂದರೆ ನಗರ.

ಇದರ ಕ್ರಮ ಸರಳವಾದುದು. ಯಾರೇ ಆಗಲಿ ತಮ್ಮ ಅಭಿಪ್ರಾಯವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಬಹುದು. ಉಳಿದವರು ಅದಕ್ಕೆ ಸಮ್ಮತಿ, ಅಸಮ್ಮತಿ ಅಥವಾ ತಟಸ್ಥತೆಯನ್ನು ಸೂಚಿಸಬಹುದೇ ಹೊರತು ಪ್ರತ್ಯುತ್ತರ ಕೊಡುವಂತಿಲ್ಲ. ಆದುದರಿಂದ ವಾಗ್ವಾದಕ್ಕೆ ಆಸ್ಪದವಿರುವುದಿಲ್ಲ. ಯಂತ್ರವು ಸಮಾನ ಮನಸ್ಕರನ್ನು ಗುಂಪುಗೂಡಿಸಿ, ಪರಸ್ಪರ ವಿರುದ್ಧವಾದ ಗುಂಪುಗಳೂ ಒಪ್ಪುವ ಮಾತುಗಳಾವುವೆಂಬುದನ್ನು ಹೆಕ್ಕಿ ತೋರಿಸುತ್ತದೆ. ಉಬರ್ ಬೇಕೆನ್ನುವವರೂ ಬೇಡವೆನ್ನುವವರೂ ಪ್ರಯಾಣಿಕರ ಸುರಕ್ಷತೆ, ವಿಮೆ, ಚಾಲಕರ ಪರವಾನಗಿ ಇವುಗಳ ವಿಷಯದಲ್ಲಿ ಏಕಮತದವರಾಗಿದ್ದರೆಂಬುದು ಹೀಗೆ ಬೆಳಕಿಗೆ ಬಂದಿತು. ಮುಂದೆ ನಿಯಮಗಳನ್ನು ರಚಿಸುವಾಗ ಈ ಸಮ್ಮತಿಯು ಉಪಯೋಗಕ್ಕೆ ಬಂದಿತು. ಆದರೆ ಇಂಥ ಸಮಾಲೋಚನೆಯ ನಿರ್ಣಯವು ಸರಕಾರವನ್ನು ಕಾನೂನಿನಿಂದ ಕಟ್ಟಿಹಾಕುವುದಿಲ್ಲ.

ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ತನ್ನ ಬಳಿಗೆ ಬಂದ ಮಾತುಗಳನ್ನು ಮಾತ್ರ ಅದು ತೂಗಬಲ್ಲದು. ಬಾರದ ಮಾತುಗಳಿಂದ ಎಂಥ ಪ್ರಮಾದವಾಗಬಹುದೆಂಬುದಕ್ಕೆ ಗಣಕಯಂತ್ರಗಳಿಲ್ಲದ ಕಾಲದ ನಿದರ್ಶನವೊಂದುಂಟು. 1936ರಲ್ಲಿ ಅಮೆರಿಕೆಯ 'ಲಿಟರರಿ ಡೈಜೆಸ್ಟ್' ಪತ್ರಿಕೆಯು ಅಧ್ಯಕ್ಷರ ಚುನಾವಣೆಯ ಬಗ್ಗೆ ಸುಮಾರು 1 ಕೋಟಿ ಜನರಿಗೆ ಮತಪತ್ರಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಮಿಕ್ಕಿ ಉತ್ತರಗಳು ಬಂದವು. ಅವುಗಳ ಮೇರೆಗೆ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಹೆಸರುಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ ಆಯ್ದುದರಿಂದ ಬಡವರು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಕಳುಹಿಸಿದವರಲ್ಲಿಯೂ ಬಹುಪಾಲು ಜನ ಉತ್ತರಿಸಿರಲಿಲ್ಲ.

ಇಂದು ಮೊಬೈಲ್ ಇಲ್ಲದ ವೃದ್ಧೆ, ಓದುಬರಹ ಬಾರದ ಕೂಲಿಕಾರ, ಹಿರಿಯರೆದುರು ಬಾಯಿ ತೆರೆಯಲಂಜುವ ಸೊಸೆ ಇವರ ಅಭಿಪ್ರಾಯ ಯಾವ ಯಂತ್ರವನ್ನು ತಲುಪೀತು? ಹೊಸ ಸಾಧನವನ್ನು ತಿರಸ್ಕರಿಸಬೇಕಾಗಿಲ್ಲ. ಜಗಳದ ನಡುವೆಯೂ ಒಮ್ಮತದ ನೆಲೆಗಳಿವೆಯೆಂದು ಅದು ತೋರಿಸಿಕೊಟ್ಟಿರುವುದು ಸಣ್ಣ ಉಪಕಾರವಲ್ಲ. ಆದರೆ ಮೌನವಾಗಿರುವವರ ಮನೆಬಾಗಿಲಿಗೆ ಹೋಗಿ, "ನಿಮ್ಮ ಅಭಿಪ್ರಾಯವೇನು?" ಎಂದು ಕೇಳುವ ಹೊಣೆ ನಮ್ಮದಾಗಿಯೇ ಉಳಿಯುತ್ತದೆ. ಆ ಅಭ್ಯಾಸವು ನಮ್ಮ ನಮ್ಮ ಮನೆಗಳಿಂದಲೇ ಆರಂಭವಾಗಲಿ.