ಹಟ ಹಿಡಿದ ತಿರುಪು

ಮಕ್ಕಳ ಆಟಿಕೆ ನಿಂತುಹೋಗಿದೆ. ಬ್ಯಾಟರಿ ಬದಲಿಸೋಣವೆಂದರೆ ಅಡಿಯ ಮುಚ್ಚಳದ ಪುಟ್ಟ ಸ್ಕ್ರೂ ಅಲುಗುವುದಿಲ್ಲ. ಕೈಗೆ ಸಿಕ್ಕ ಚಾಕುವಿನ ತುದಿಯಿಟ್ಟು ತಿರುಗಿಸುತ್ತೇವೆ, ಜಾರುತ್ತದೆ. ಮತ್ತೆ ತಿರುಗಿಸುತ್ತೇವೆ, ಮತ್ತೆ ಜಾರುತ್ತದೆ. ನಾಲ್ಕನೆಯ ಸಲಕ್ಕೆ ತಲೆಯ ಮೇಲಿನ ಪ್ಲಸ್ ಗುರುತು ಮಾಯವಾಗಿ ಗುಂಡನೆಯ ಗುಳಿಯೊಂದು ಉಳಿದಿರುತ್ತದೆ. ಕೊನೆಗೆ ಮುಚ್ಚಳವನ್ನೇ ಎಬ್ಬಿಸಿ ತೆಗೆದು, ಬ್ಯಾಟರಿ ಹಾಕಿ, ಮೇಲೊಂದು ಟೇಪು ಅಂಟಿಸಿಬಿಡುತ್ತೇವೆ.

ಈ ಟೇಪು ಮಾತ್ರ ಬೇಡವೇ ಬೇಡ. ಆಟಿಕೆಯ ಒಳಗಿರುವುದು ಗುಂಡಿಯಂಥ ಚಪ್ಪಟೆ ಬಟನ್ ಸೆಲ್ ಆಗಿದ್ದರೆ, ಅಲ್ಲಿ ಸ್ಕ್ರೂ ಇಟ್ಟಿರುವುದೇ ಮಗುವಿನ ಕೈಗೆ ಅದು ಸಿಗದಿರಲೆಂದು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ಸ್ಕ್ರೂವನ್ನು ಕೆಡಿಸದೆ ಬಿಚ್ಚುವುದು, ಕೆಟ್ಟಿದ್ದರೆ ತೆಗೆದು ಹೊಸದನ್ನು ಹಾಕುವುದು ಸಣ್ಣ ಕೆಲಸವಲ್ಲ.

ತಲೆ ಯಾಕೆ ಸವೆಯುತ್ತದೆ? ಪ್ಲಸ್ ತಲೆಯ ಸ್ಕ್ರೂ ಪ್ರಚಾರಕ್ಕೆ ಬಂದದ್ದು ಅಮೆರಿಕದ ಹೆನ್ರಿ ಫಿಲಿಪ್ಸ್ ಅವರಿಂದ. ಜಾನ್ ಥಾಂಪ್ಸನ್ ಎಂಬವರ ಕಲ್ಪನೆಯನ್ನು ಕೊಂಡು, ತಿದ್ದಿ, 1936ರಲ್ಲಿ ಅವರು ಪೇಟೆಂಟ್ ಪಡೆದರು. ಹಳೆಯ ಮೈನಸ್ ಸ್ಕ್ರೂನಲ್ಲಿ ಡ್ರೈವರ್ ಪಕ್ಕಕ್ಕೆ ಜಾರುತ್ತಿತ್ತು. ಪ್ಲಸ್‌ನಲ್ಲಿ ಅದು ತಾನಾಗಿ ನಡುವೆ ಕೂರುತ್ತದೆ. ಕಾರು ಕಾರ್ಖಾನೆಗಳಿಗೆ ಬೇಕಾಗಿದ್ದೂ ಅದೇ. ಆದರೆ ಆ ಗುಳಿಯ ಗೋಡೆಗಳು ಇಳಿಜಾರು. ಜೋರಾಗಿ ತಿರುಗಿಸಿದಷ್ಟೂ ಡ್ರೈವರ್ ಮೇಲಕ್ಕೆ ಎದ್ದುಬರುತ್ತದೆ, ಬರುವಾಗ ಅಂಚನ್ನು ತಿಂದುಹಾಕುತ್ತದೆ. ತಿರುಗಿಸುವುದಕ್ಕಿಂತ ಒತ್ತುವುದಕ್ಕೇ ಹೆಚ್ಚು ಬಲ ಬೇಕು. ಅಂಗೈಯನ್ನು ಹಿಡಿಯ ಹಿಂಬದಿಗೆ ಕೊಟ್ಟು, ಮೈಭಾರ ಹಾಕಿ, ನಿಧಾನವಾಗಿ ತಿರುಗಿಸಬೇಕು. ಡ್ರೈವರ್ ತುದಿ ಗುಳಿಯಲ್ಲಿ ಅಲುಗಾಡದೆ ಕೂರುವಷ್ಟು ದಪ್ಪವಿರಬೇಕು. ಒಂದೇ ಡ್ರೈವರ್‌ನಲ್ಲಿ ಕನ್ನಡಕದಿಂದ ಕುಕ್ಕರ್‌ವರೆಗೆ ಎಲ್ಲವನ್ನೂ ಬಿಚ್ಚುವೆನೆನ್ನುವುದು ದುಡ್ಡು ಉಳಿಸುವ ದಾರಿಯಲ್ಲ.

ಮೊದಲ ಸಲ ಜಾರಿದಾಗಲೇ ಕೈ ನಿಲ್ಲಿಸಿ. ತಿರುಗಿಸುತ್ತಿರುವ ದಿಕ್ಕು ಸರಿಯಿದೆಯೇ ನೋಡಿ. ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ ನಿಜ. ಆದರೆ ಸೈಕಲ್ಲಿನ ಎಡ ಪೆಡಲ್ ಮತ್ತು ಅನೇಕ ಟೇಬಲ್ ಫ್ಯಾನ್‌ಗಳ ರೆಕ್ಕೆ ಹಿಡಿಯುವ ತಿರುಪು ಉಲ್ಟಾ ಸುತ್ತಿನವು. ಅವುಗಳ ಜೊತೆ ಗುದ್ದಾಡಿ, ತುಕ್ಕು ಹಿಡಿದಿದೆಯೆಂದು ಬೈದವರು ಎಷ್ಟೋ ಮಂದಿ. ಸ್ವಿಚ್ ಬೋರ್ಡಿನ ಸ್ಕ್ರೂ ಆದರೆ ಮೇನ್ ಆಫ್ ಮಾಡದೆ ಮುಟ್ಟಲೇಬೇಡಿ.

ತಲೆ ಅರ್ಧ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡ್ ಸಾಕು. ಬ್ಯಾಂಕಿನಲ್ಲಿ ನೋಟಿನ ಕಟ್ಟಿಗೆ ಹಾಕುತ್ತಿದ್ದೆವಲ್ಲ, ಅಂಥದ್ದು. ಹಳೆಯ ಸೈಕಲ್ ಟ್ಯೂಬಿನ ತುಂಡೂ ಆದೀತು. ಅದನ್ನು ತಲೆಯ ಮೇಲಿಟ್ಟು, ಅದರ ಮೇಲೆ ಡ್ರೈವರ್ ಒತ್ತಿ ತಿರುಗಿಸಿದರೆ, ಸವೆದ ಜಾಗವನ್ನು ರಬ್ಬರ್ ತುಂಬಿಕೊಂಡು ಹಿಡಿತ ಕೊಡುತ್ತದೆ. ಸ್ಕ್ರೂ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಇದು ನಡೆಯದು, ರಬ್ಬರ್ ಹರಿದುಹೋಗುತ್ತದೆ.

ಕಚ್ಚಿಕೊಳ್ಳಲು ಮುಖ್ಯ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಸ್ಕ್ರೂ ತನ್ನ ತೂತಿನಲ್ಲೇ ಉಬ್ಬಿ ಕೂರುತ್ತದೆ. ಉಪ್ಪುಗಾಳಿಯ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಕ್ಕು ಬಿಡಿಸುವ ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಕೊಬ್ಬರಿ ಎಣ್ಣೆ ಬೇಡ, ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ. ಬೆಳಿಗ್ಗೆ ಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ನಾಲ್ಕು ಏಟು ಕೊಡಿ, ತುಕ್ಕಿನ ಬಂಧ ಬಿರಿಯುತ್ತದೆ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ನಂತರ ಸಡಿಲಿಸುವ ಕಡೆಗೆ. ಬಡಗಿಗಳು ಹೀಗೆ ಹಿಂದೆ ಮುಂದೆ ಆಡಿಸುವುದನ್ನು ನೋಡಿರಬಹುದು.

ಮರದಲ್ಲಿ ಸಿಕ್ಕಿದ ಸ್ಕ್ರೂವಿಗೆ ಬಿಸಿಯೂ ಮದ್ದು. ಕಾದ ಸೋಲ್ಡರಿಂಗ್ ಐರನ್ನನ್ನು ತಲೆಗೆ ಒಂದೆರಡು ನಿಮಿಷ ತಾಗಿಸಿಟ್ಟರೆ ಲೋಹ ಹಿಗ್ಗಿ ಸುತ್ತಲಿನ ಮರವನ್ನು ಒತ್ತುತ್ತದೆ. ತಣಿದಾಗ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಸೀಮೆಎಣ್ಣೆ ಬಿಟ್ಟ ಜಾಗದಲ್ಲಿ ಮಾತ್ರ ಈ ಪ್ರಯೋಗ ಕೂಡದು.

ಯಾವುದಕ್ಕೂ ಬಗ್ಗದಿದ್ದರೆ, ತಲೆ ಮೇಲೆದ್ದಿರುವ ಸ್ಕ್ರೂ ಆದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಗೀರು ಕೊಯ್ದು ಮೈನಸ್ ಡ್ರೈವರ್ ಹಾಕಬಹುದು. ತಲೆ ಮಟ್ಟಸವಾಗಿ ಒಳಗೆ ಕೂತಿದ್ದರೆ ಕೊನೆಯ ಉಪಾಯ ಡ್ರಿಲ್. ಸ್ಕ್ರೂವಿನ ಕಾಂಡಕ್ಕಿಂತ ತುಸುವೇ ದಪ್ಪದ ಬಿಟ್‌ನಿಂದ ತಲೆಯನ್ನು ಕೊರೆದು ಬೇರ್ಪಡಿಸಿ, ಹಿಂಜನ್ನು ಎತ್ತಿ ತೆಗೆದು, ಉಳಿದ ಕಾಂಡವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವುದು. ಕಣ್ಣಿಗೆ ಕನ್ನಡಕ ಇರಲಿ, ಲೋಹದ ಚೂರು ಹಾರುತ್ತದೆ. ಟಾರ್ಚ್ ಹಿಡಿಯುವ ಕೆಲಸ ಮಕ್ಕಳದು, ಆದರೆ ಆಗ ಅವರು ಎರಡು ಮಾರು ದೂರ ನಿಲ್ಲಲಿ.

ಹಳೆಯ ತೂತು ದೊಡ್ಡದಾಗಿದ್ದರೆ ಅದೇ ಬಾಗಿಲಿಗೆ ಹೊಸ ಸ್ಕ್ರೂ ನಿಲ್ಲದು. ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಮಟ್ಟಕ್ಕೆ ಕತ್ತರಿಸಿ ಸ್ಕ್ರೂ ಹಾಕಿ. ಸುತ್ತುಗಳಿಗೆ ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಸಾಬೂನು ಉಜ್ಜುವವರಿದ್ದಾರೆ, ಅದು ತೇವ ಎಳೆದು ತುಕ್ಕು ತರುತ್ತದೆ. ಹಿತ್ತಾಳೆ ಸ್ಕ್ರೂ ಮೆತ್ತಗಿನದು, ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಹಾಕಿ ತೆಗೆದು ದಾರಿ ಮಾಡಿಕೊಂಡು, ಆಮೇಲೆ ಹಿತ್ತಾಳೆಯದನ್ನು ಕೂರಿಸಬೇಕು.